ತಿಥಿಯಾದ ಮೇಲೆ ಬಂದವಳು

ವೆಳ್ಳಕೋಯಿಲ್ ದಾಟಿ ಕರೂರಿನ ಕಡೆ ಹೊರಟ ಬಸ್ಸು ನೇಕಾರರ ಊರಿನ ಹತ್ತಿರ ಯಾರನ್ನೋ ಇಳಿಸಲು ನಿಂತಾಗ, ಅವರ ಹಿಂದೆಯೇ ರುಕ್ಮಣಿಯೂ ಇಳಿದಳು. ಬಸ್ಸು ಹೊರಟುಹೋದ ಮೇಲೆ ಅವಳಿಗೊಂದು ವಿಷಯ ಹೊಳೆಯಿತು. ಕಾಂಗೇಯದಿಂದ ಇಲ್ಲಿಯವರೆಗೂ ಕಂಡಕ್ಟರ್ ಅವಳ ಹತ್ತಿರ ಟಿಕೆಟ್ ಕೇಳಿರಲೇ ಇಲ್ಲ. ಪಕ್ಕದ ಹೆಂಗಸಿಗೆ ಹರಿದುಕೊಟ್ಟ, ಹಿಂದಿನ ಸೀಟಿನವರಿಗೆ ಕೊಟ್ಟ, ಇವಳನ್ನು ಮಾತ್ರ ಖಾಲಿ ಜಾಗವೆಂಬಂತೆ ದಾಟಿಹೋಗಿದ್ದ.

ಅದು ಎಂಬತ್ತೊಂದನೇ ಇಸವಿ, ದೀಪಾವಳಿಗೆ ಕೆಲವೇ ದಿನವಿತ್ತು. ಮಳೆ ಆಗತಾನೇ ನಿಂತಿತ್ತು. ಸಂಜೆಯ ಬೆಳಕು ಒದ್ದೆ ಬಟ್ಟೆಯಂತೆ ಊರಿನ ಮೇಲೆ ಬಿದ್ದಿತ್ತು.

ರುಕ್ಮಣಿ ಈ ಊರು ಬಿಟ್ಟು ಮೂರು ವರ್ಷವಾಗಿತ್ತು. ಅವಳ ಅಪ್ಪ ನಂಜಪ್ಪನ್ ನೇಕಾರ. ಆ ಬೀದಿಯವರೆಲ್ಲ ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ಬಂದು ನೆಲೆಸಿದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಬೀದಿಗೆ ನೂಲಿನ ಮೂಟೆ ತಂದು ಹಾಕುತ್ತಿದ್ದ ಲಾರಿ ಡ್ರೈವರ್ ಸೂಸೈಯ ಜೊತೆ ಅವಳು ಓಡಿಹೋಗಿದ್ದಳು. ಸೂಸೈ ಕ್ರೈಸ್ತ. ಮದುವೆಯಾಗಿದ್ದವನು. ಅವನ ಹೆಂಡತಿ ಆರೋಗ್ಯಂ ರಸ್ತೆಯ ಆಚೆ ಬದಿಯ ಕ್ರೈಸ್ತರ ಕೇರಿಯಲ್ಲಿದ್ದುಕೊಂಡು ಇದೇ ನೇಕಾರರ ಬೀದಿಗೆ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಓಡಿಹೋದ ಇಬ್ಬರೂ ದಾವಣಗೆರೆಯಲ್ಲಿ ಮನೆ ಮಾಡಿದರು. ಈ ಮಳೆಗಾಲದಲ್ಲಿ ಸೂಸೈಗೆ ಕಾಮಾಲೆ ಬಂತು, ಆಮೇಲೆ ಅವಳಿಗೂ. ಅವನು ಸತ್ತ. ಅವಳು ಎದ್ದಳು. ಹೇಗೆ ಎದ್ದಳು, ಯಾರು ಗಂಜಿ ಕೊಟ್ಟರು ಎಂಬುದು ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಕಣ್ಣು ಬಿಟ್ಟಾಗ ಪಕ್ಕದ ಚಾಪೆ ಖಾಲಿಯಿತ್ತು.

ಅವಳು ಬೀದಿಯೊಳಗೆ ಕಾಲಿಟ್ಟಾಗ ಮಗ್ಗಗಳ ಸದ್ದು ಕೇಳಿಸುತ್ತಿತ್ತು. ಮೊದಲ ಮನೆಯ ಎದುರು ಬಂದಳು. ಆ ಮನೆಯ ಮಗ್ಗ ನಿಂತಿತು. ಎರಡನೆಯ ಮನೆಯ ಎದುರು ಬಂದಳು, ಅದೂ ನಿಂತಿತು. ಅವಳು ದಾಟಿದ ಮೇಲೆ ಬೆನ್ನ ಹಿಂದೆ ಲಾಳಿ ಮತ್ತೆ ಓಡತೊಡಗಿತು. ಹೀಗೆ ಅವಳ ಜೊತೆಗೇ ಒಂದು ಮೌನ ಬೀದಿಯುದ್ದಕ್ಕೂ ನಡೆದು ಬಂತು. ಯಾರೂ ಹೊರಗೆ ಬರಲಿಲ್ಲ. ಜಗಲಿಯಲ್ಲಿ ಮಗುವಿಗೆ ತಲೆ ಬಾಚುತ್ತಿದ್ದ ರಾಮಾತಾಳ್ ಅವಳ ಜೊತೆ ಕುಂಟೆಬಿಲ್ಲೆ ಆಡಿದವಳು.

“ರಾಮೂ, ನಾನು,” ಎಂದಳು ರುಕ್ಮಣಿ.

ರಾಮಾತಾಳ್ ಅವಳ ಕಡೆಗೇ ನೋಡಿದಳು. ಆ ನೋಟ ಅವಳ ಮೈಯೊಳಗಿಂದ ತೂರಿ ಎದುರಿನ ಗೋಡೆಯ ಮೇಲೆ ಹೋಗಿ ನಿಂತಿತು. ಮಗು ಬೆರಳು ಮಾಡಿ ಏನೋ ಹೇಳಹೊರಟಿತು. ತಾಯಿ ಅದರ ಬಾಯಿ ಮುಚ್ಚಿ ಒಳಗೆ ಎತ್ತಿಕೊಂಡು ಹೋದಳು.

ಅಪ್ಪನ ಮನೆಯ ಬಾಗಿಲು ತೆರೆದೇ ಇತ್ತು. ನಂಜಪ್ಪನ್ ಮಗ್ಗದ ಕುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದ. ಅವನ ತಲೆಯ ಮೇಲಿನ ಗೋಡೆಯಲ್ಲಿ ತಾತನ ಪಟ, ಅಜ್ಜಿಯ ಪಟ, ಅವುಗಳ ಪಕ್ಕದಲ್ಲಿ ಅವಳದೇ ಪಟ. ಮೂರಕ್ಕೂ ಒಂದೇ ಥರದ ಹಾರ. ಅವಳ ಪಟದ ಹಣೆಗೆ ಇಟ್ಟ ಕುಂಕುಮ ಒಣಗಿ ಕಪ್ಪಾಗಿತ್ತು.

“ಅಪ್ಪಾ.”

ಲಾಳಿ ನಿಲ್ಲಲಿಲ್ಲ. ಒಳಗಿನಿಂದ ಅವಳ ಅವ್ವ ನಾಚಿಯಮ್ಮ ನೂಲಿನ ಲಡಿ ಹಿಡಿದು ಬಂದಳು. ಮಗಳನ್ನು ಕಂಡಳು. ಲಡಿಯನ್ನು ಅಲ್ಲೇ ಇಟ್ಟು ತಿರುಗಿ ಒಳಗೆ ಹೋದಳು. ಆಮೇಲೆ ಅಪ್ಪ ತಲೆಯೆತ್ತದೆ ಸೊಸೆಗೆ ಹೇಳಿದ:

“ಅಂಗಮ್ಮಾ, ಕದ ಹಾಕ್ಬಿಡು. ಗಾಳಿ ಬರ್ತದೆ.”

ತಮ್ಮನ ಹೆಂಡತಿ ಅಂಗಮ್ಮ, ರುಕ್ಮಣಿ ಊರು ಬಿಟ್ಟ ಮೇಲೆ ಈ ಮನೆಗೆ ಬಂದವಳು. ರುಕ್ಮಣಿಯನ್ನು ಪಟದಲ್ಲಿ ಮಾತ್ರ ಕಂಡಿದ್ದ ಆ ಹುಡುಗಿ ಬಾಗಿಲ ಹತ್ತಿರ ಬಂದು, ಎದುರಿನ ಮುಖವನ್ನು ನೋಡಿ ಬಿಳಿಚಿಕೊಂಡು ಕದ ಎಳೆದುಕೊಂಡಳು.

ಏನಾಗಿದೆಯೆಂದು ರುಕ್ಮಣಿಗೆ ಗೊತ್ತಾದದ್ದು ಮರುದಿನ, ಬಾವಿಕಟ್ಟೆಯ ಹತ್ತಿರ. ಅವಳು ಓಡಿಹೋದ ತಿಂಗಳಲ್ಲೇ ಕುಲದ ಹಿರಿಯರು ಕೂಡಿ, ಮಗಳ ತಿಥಿ ಮಾಡದಿದ್ದರೆ ನಂಜಪ್ಪನ್ ಮನೆಗೆ ಬೆಂಕಿಯೂ ಇಲ್ಲ ನೀರೂ ಇಲ್ಲ ಎಂದಿದ್ದರು. ಹುಲ್ಲಿನ ಗೊಂಬೆಗೆ ಅವಳ ಸೀರೆ ಸುತ್ತಿ ಸುಡುಗಾಡಿನಲ್ಲಿ ಸುಟ್ಟು, ಅಪ್ಪ ತಲೆ ಬೋಳಿಸಿಕೊಂಡಿದ್ದ. ಈ ಮಳೆಗಾಲದಲ್ಲಿ ಯಾವನೋ ಲಾರಿ ಕ್ಲೀನರ್ ಬಂದು ಆ ಇಬ್ಬರೂ ಕಾಮಾಲೆಯಲ್ಲಿ ಸತ್ತರಂತೆ ಎಂದೂ ಹೇಳಿ ಹೋಗಿದ್ದ. ಅಲ್ಲಿಗೆ ಊರಿನಲ್ಲಿ ಅವಳ ಸಾವು ಮುಗಿದ ಮಾತಾಗಿತ್ತು. ಈಗ ಬಂದಿರುವುದು ಅವಳಲ್ಲ, ಅವಳ ಪೇಯಿ, ದೆವ್ವ.

ಇದನ್ನೆಲ್ಲ ಯಾರೂ ಅವಳಿಗೆ ಹೇಳಲಿಲ್ಲ. ಅವಳು ಎದುರಿಗೇ ನಿಂತಿರುವಾಗ, ಹಸುವಿನ ಮುಂದೆ ಮಾತಾಡಿದ ಹಾಗೆ, ಹೆಂಗಸರು ಅವರವರೇ ಆಡಿಕೊಂಡರು. ಕೆಲವರು ದೆವ್ವವೆಂದು ನಂಬಿದಂತೆ ನಟಿಸುತ್ತಿದ್ದರು, ಅವರ ಕಣ್ಣು ನೆಲದ ಮೇಲಿರುತ್ತಿತ್ತು. ಇನ್ನು ಕೆಲವರು ನಟಿಸುತ್ತಿರಲಿಲ್ಲ. ಅವರು ಕೊಡ ತುಂಬುವ ಮೊದಲೇ ಎತ್ತಿಕೊಂಡು ಓಡುತ್ತಿದ್ದರು.

ಅವಳು ಊರ ಹೊರಗಿನ ಹಳೆಯ ಬಣ್ಣದ ಕೊಟ್ಟಿಗೆಯಲ್ಲಿ ಉಳಿದಳು. ಹಿಂದೆ ಅಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು. ಈಗ ಒಡೆದ ತೊಟ್ಟಿಗಳಲ್ಲಿ ಮಳೆನೀರು ನಿಂತು, ಹಳೆಯ ಬಣ್ಣ ಕರಗಿ, ಒಂದರಲ್ಲಿ ಕೆಂಪು ಒಂದರಲ್ಲಿ ನೀಲಿ ಕಾಣುತ್ತಿತ್ತು. ಇಲ್ಲಿಂದ ಹೋಗಬಹುದಿತ್ತು. ಎಲ್ಲಿಗೆ ಎಂಬುದು ಗೊತ್ತಿರಲಿಲ್ಲ. ಇನ್ನೊಂದು ಕಾರಣವೂ ಇತ್ತು: ಆರೋಗ್ಯಂಗೆ ಅವಳ ಗಂಡ ಸತ್ತ ಸುದ್ದಿಯನ್ನು ಬಾಯಿಬಿಟ್ಟು ಹೇಳಬೇಕಿತ್ತು. ಆದರೆ ಆರೋಗ್ಯಂ ತಂಗಿಯ ಹೆರಿಗೆಗೆಂದು ತಿರುಪ್ಪೂರಿಗೆ ಹೋಗಿದ್ದಳು. ಅವಳ ಮನೆಗೆ ಬೀಗ ಬಿದ್ದಿತ್ತು. ಬೀಗ ಕಂಡಾಗ ರುಕ್ಮಣಿಗೆ ಸಮಾಧಾನವೇ ಆಗಿತ್ತು.

ದೀಪಾವಳಿ ಕಳೆದು ಅಮಾವಾಸ್ಯೆ ಬಂತು. ಮಧ್ಯಾಹ್ನ ಹಸಿವು ತಡೆಯಲಾರದೆ ಅವಳು ಅಪ್ಪನ ಮನೆಯ ಹಿತ್ತಿಲಿಗೆ ಹೋಗಿ ಕುಸಿದ ಗೋಡೆಯ ಹಿಂದೆ ನಿಂತಳು. ನಾಚಿಯಮ್ಮ ಬಾಳೆ ಎಲೆ ತಂದು ಗೋಡೆಯ ಮೇಲೆ ಹಾಸಿದಳು. ಅನ್ನ, ಹುರುಳಿ ಸಾರು, ಬೆಲ್ಲ ಹಾಕಿದ ಪಣಿಯಾರ. ಎಲ್ಲ ಮಗಳಿಗೆ ಇಷ್ಟವಾದದ್ದೇ. ಎಲೆಯ ಸುತ್ತ ನೀರು ಬಿಟ್ಟು, “ಕಾ, ಕಾ” ಎಂದು ಕಾಗೆ ಕರೆದಳು. ಕಾಗೆ ಬರಲಿಲ್ಲ. ಅವಳು ಸಣ್ಣ ದನಿಯಲ್ಲಿ, “ವಾ ಕಣ್ಣು, ಬಾ ಕಂದಾ, ಬಂದು ತಿನ್ನು” ಎಂದು ಒಳಗೆ ಹೋದಳು.

ರುಕ್ಮಣಿ ಗೋಡೆಯ ಈಚೆಯಿಂದ ಕೈ ಚಾಚಿ ತಿಂದಳು. ತನ್ನ ತಿಥಿಯ ಅನ್ನ ಎಂದು ಗೊತ್ತಿದ್ದೂ ತಿಂದಳು. ಬಾಯಿಗೆ ರುಚಿಯೇ ಹತ್ತಲಿಲ್ಲ. ಎಲೆ ಖಾಲಿಯಾಗುತ್ತಾ ಬಂದಾಗ ತಲೆಯೆತ್ತಿದರೆ, ಹಿತ್ತಿಲ ಬಾಗಿಲಲ್ಲಿ ಅಂಗಮ್ಮ ನಿಂತಿದ್ದಳು. ಪಟದಲ್ಲಿದ್ದವಳು ಎಲೆಯ ಮುಂದೆ ನಿಂತು ಉಣ್ಣುವುದನ್ನು ಆ ಹುಡುಗಿ ನೋಡಿದಳು. ಕೂಗಲಿಲ್ಲ. ಬಾಗಿಲು ಹಿಡಿದುಕೊಂಡೇ ಮೆಲ್ಲಗೆ ಕುಸಿದಳು.

ಅಂದು ಸಂಜೆಗೆ ಅಂಗಮ್ಮನಿಗೆ ಜ್ವರ ಏರಿತು. ಬೀದಿಯ ಮನೆಗಳ ಬಾಗಿಲಿಗೆಲ್ಲ ಬೇವಿನ ಸೊಪ್ಪು ಬಿತ್ತು. ಹಿರಿಯರು ಆನೈಮಲೈ ಕಡೆಯಿಂದ ಕರುಪ್ಪುಸಾಮಿ ಎಂಬ ಮಂತ್ರವಾದಿಯನ್ನು ಕರೆಸಿದರು. ಅವನು ಏನು ಮಾಡುತ್ತಾನೆಂಬುದನ್ನೂ ರುಕ್ಮಣಿ ಬಾವಿಕಟ್ಟೆಯಲ್ಲೇ ಕೇಳಿಸಿಕೊಂಡಳು. ಪೇಯಿಯನ್ನು ಹಗ್ಗದಲ್ಲಿ ಕಟ್ಟಿ, ಬೇವಿನ ಬರಲಿನಲ್ಲಿ ಹೊಡೆದು, ಅದರ ಕೂದಲು ಹಿಡಿದು ಹುಣಸೆ ಮರಕ್ಕೆ ಮೊಳೆ ಹೊಡೆದು, ಆ ಕೂದಲನ್ನು ಬುಡದಿಂದ ಕತ್ತರಿಸುವುದು.

“ಪಾಪ, ನೋಯಲ್ವಾ?” ಎಂದು ಒಬ್ಬಳು ಕೇಳಿದಳು.

“ಸತ್ತೋರಿಗೆ ಎಲ್ಲಿ ನೋವು?” ಎಂದಳು ಇನ್ನೊಬ್ಬಳು.

ರುಕ್ಮಣಿ ಕೊಟ್ಟಿಗೆಗೆ ಓಡಿಬಂದಳು. ಓಡಿಹೋಗಬೇಕು ಎಂದುಕೊಂಡಳು, ಆದರೂ ಮೂಲೆಯಲ್ಲೇ ಕುಳಿತಳು. ಅಷ್ಟು ದಿನದಿಂದ ಒಬ್ಬರೂ ಅವಳ ಮಾತಿಗೆ ಓಗೊಟ್ಟಿರಲಿಲ್ಲ. ಅವಳಿಗೂ ಅನುಮಾನ ಶುರುವಾಗಿತ್ತು. ದಾವಣಗೆರೆಯ ಆ ಚಾಪೆಯಿಂದ ತಾನು ಎದ್ದದ್ದು ನಿಜವೇ? ಇಬ್ಬರೂ ಸತ್ತರು ಎಂದು ಆ ಕ್ಲೀನರ್ ಸುಳ್ಳು ಯಾಕೆ ಹೇಳುತ್ತಾನೆ? ಮೋಡದ ದಿನಗಳು, ನೆಲದ ಮೇಲೆ ನೆರಳು ಬೀಳುತ್ತಿರಲಿಲ್ಲ. ಕೆಂಪು ತೊಟ್ಟಿಯ ನೀರಿನಲ್ಲಿ ಬಗ್ಗಿ ನೋಡಿದಳು. ಮುಖ ಕಂಡಿತು. ಆದರೆ ಅದು ಗೋಡೆಯ ಪಟದಲ್ಲಿದ್ದ ಮುಖದ ಹಾಗೆಯೇ ಅಲುಗಾಡದೆ ಅವಳನ್ನು ನೋಡುತ್ತಿತ್ತು. ಅವಳು ಹೆದರಿ ಹಿಂದೆ ಸರಿದಳು. ಅವಳು ಸರಿದ ಮೇಲೂ ಆ ಮುಖ ಇನ್ನೊಂದು ಗಳಿಗೆ ಅಲ್ಲೇ ಉಳಿದಂತೆ ಕಂಡಿತು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಿಗೆ ಯಾರೋ ಬಂದು ನಿಂತರು.

“ರುಕ್ಮಣೀ.”

ಅವಳು ಅಲುಗಾಡಲಿಲ್ಲ. ಹೀಗೆ ಹೆಸರು ಕರೆದದ್ದು ಎರಡು ದಿನದಿಂದ ಕಿವಿಯಲ್ಲಿ ಕೇಳಿಸುತ್ತಲೇ ಇತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ.

“ನಿನ್ನನ್ನೇ ಕರೀತಿರೋದು. ಕಿವಿ ಕೇಳಲ್ವಾ?”

ತಮಿಳಿನ ರಾಗದಲ್ಲಿ ಆಡಿದ ಕನ್ನಡ ಅದು. ಎಷ್ಟೋ ವರ್ಷ ನೇಕಾರರ ಜಗಲಿಗಳಲ್ಲಿ ಕುಳಿತು ಕಲಿತದ್ದು. ರುಕ್ಮಣಿ ತಿರುಗಿದಳು. ಆರೋಗ್ಯಂ ನಿಂತಿದ್ದಳು. ಮೊದಲಿಗಿಂತ ತೆಳ್ಳಗಾಗಿದ್ದಳು. ಹಿಂದಿನ ದಿನ ತಿರುಪ್ಪೂರಿನಿಂದ ಬಂದವಳು ಕಂಡಿಕೆ ಕೊಡಲು ಬೀದಿಗೆ ಹೋಗಿ, ಪೇಯಿಯ ಕಥೆ ಕೇಳಿ, ನೇರ ಇಲ್ಲಿಗೆ ಬಂದಿದ್ದಳು.

“ಅಕ್ಕಾ,” ಎಂದಳು ರುಕ್ಮಣಿ, “ನಿಮಗೆ ನಾನು ಕಾಣ್ತೀನಾ?”

“ಕಾಣದೆ ಏನು? ಮೂರು ವರ್ಷದಿಂದ ಕಣ್ಣು ಮುಚ್ಚಿದ್ರೆ ನೀನೇ ಕಾಣ್ತಿದ್ದೆ.” ಆರೋಗ್ಯಂ ಒಳಗೆ ಬರಲಿಲ್ಲ. “ಅವರೆಲ್ಲಿ?”

ರುಕ್ಮಣಿ ಹೇಳಿದಳು. ಕಾಮಾಲೆ, ಚಾಪೆ, ಅಲ್ಲಿಯ ಕ್ರೈಸ್ತರ ಸ್ಮಶಾನದಲ್ಲಿ ಲಾರಿಯವರು ಹೂಳಿದ್ದು. ಹೇಳುತ್ತಿರುವಾಗ ತನ್ನ ಮಾತು ಇನ್ನೊಬ್ಬರ ಮುಖದ ಮೇಲೆ ಹೋಗಿ ತಾಗುವುದನ್ನು ಬಹಳ ದಿನದ ಮೇಲೆ ಕಂಡಳು. ಆರೋಗ್ಯಂ ಬಾಗಿಲ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಹೊರಗೆ ತುಂತುರು ಬೀಳುತ್ತಿತ್ತು. ಕೊನೆಗೆ ಅವಳು ಕೇಳಿದಳು:

“ಸಾಯೋ ಮುಂಚೆ ಏನಾದ್ರೂ ಕೇಳಿದ್ರಾ?”

“ನೀರು ಕೇಳಿದ್ರು.”

“ಕೊಟ್ಟೆಯಾ?”

“ಕೊಟ್ಟೆ.”

“ಸರಿ. ಏಳು.”

ರುಕ್ಮಣಿ ಏಳಲು ಹೋಗಿ ತಲೆ ಸುತ್ತಿ ಗೋಡೆ ಹಿಡಿದಳು. ಆರೋಗ್ಯಂ ಬಂದು ರಟ್ಟೆ ಹಿಡಿದಳು. ಸೂಸೈ ಸತ್ತ ಮೇಲೆ ಅವಳಿಗೆ ನೆನಪಿರುವಂತೆ ಅವಳನ್ನು ಮುಟ್ಟಿದ ಮೊದಲ ಕೈ ಅದು. ಆ ಕೈ ಪ್ರೀತಿಯಿಂದ ಹಿಡಿದಿರಲಿಲ್ಲ. ಬಿಗಿಯಾಗಿ, ನೋಯುವ ಹಾಗೆ ಹಿಡಿದಿತ್ತು. ಆ ನೋವು ರುಕ್ಮಣಿಗೆ ಬೇಕೆನಿಸಿತು.

ಆರೋಗ್ಯಂಳ ಮನೆ ಒಂದೇ ಕೋಣೆ. ಒಂದು ಮೂಲೆಯಲ್ಲಿ ರಾಟೆ, ಇನ್ನೊಂದರಲ್ಲಿ ಒಲೆ, ನಡುವೆ ಮಾತೆ ಮರಿಯಳ ಪಟ. ಆರೋಗ್ಯಂ ಅನ್ನ ಬೇಯಿಸಿ, ತಟ್ಟೆಗೆ ಹಾಕಿ ಮುಂದೆ ತಳ್ಳಿದಳು. ರುಕ್ಮಣಿ ಕೈ ಜೋಡಿಸಿ ಏನೋ ಹೇಳಹೊರಟಳು.

“ಬೇಡ,” ಎಂದಳು ಆರೋಗ್ಯಂ. “ಮನ್ನಿಸಿದ್ದೀನಿ ಅಂತ ನನ್ನ ಬಾಯಲ್ಲಿ ಬರಲ್ಲ. ಅದು ಬರ್ಲಿ ಅಂತ ಕಾಯ್ತಾ ಕೂತ್ರೆ ನೀನು ಹಸಿವಲ್ಲಿ ಸಾಯ್ತೀಯ. ತಿನ್ನು.”

ಆ ಮನೆಯ ದಿನಗಳು ಸುಲಭವಾಗಿರಲಿಲ್ಲ. ಆರೋಗ್ಯಂ ಗೋಡೆಯ ಕಡೆ ಮುಖ ಮಾಡಿ ರಾಟೆ ತಿರುಗಿಸುತ್ತಿದ್ದಳು. ಒಮ್ಮೆ ಇದ್ದಕ್ಕಿದ್ದಂತೆ ತಟ್ಟೆ ಕುಕ್ಕಿ ಹೊರಗೆ ಹೋಗಿ, ಎಷ್ಟೋ ಹೊತ್ತಿನ ಮೇಲೆ ಕಣ್ಣು ತೊಳೆದುಕೊಂಡು ಬಂದಳು. ಬೀದಿಯ ನೇಕಾರರು ಅವಳಿಗೆ ನೂಲು ಕೊಡುವುದನ್ನು ನಿಲ್ಲಿಸಿದರು. ಸಂಜೆ ದೀಪ ಹಚ್ಚಿದಾಗ ರುಕ್ಮಣಿ ಬೆರಳುಗಳನ್ನು ಬೆಳಕಿಗೆ ಅಡ್ಡ ಹಿಡಿದು, ಒಳಗೆ ಕೆಂಪು ಕಾಣುತ್ತದೆಯೇ ಎಂದು ನೋಡುತ್ತಿದ್ದಳು.

“ಏನ್ ನೋಡ್ತೀ?”

“ರಕ್ತ ಇದೆಯಾ ಅಂತ.”

ಆರೋಗ್ಯಂ ಎದ್ದು ಬಂದು ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ದೀಪದಿಂದ ಈಚೆಗೆ ತಂದು, ಅದಕ್ಕೆ ನೂಲಿನ ತುದಿ ಕೊಟ್ಟಳು. ಮನೆಯಲ್ಲಿ ಉಳಿದಿದ್ದ ಕೊನೆಯ ಲಡಿ ಅದು. “ಸುತ್ತು. ದೆವ್ವಕ್ಕೆ ಕಂಡಿಕೆ ಸುತ್ತೋಕೆ ಬರಲ್ಲ.”

ಕೇರಿಯ ಕ್ರೈಸ್ತರು ಬೆರಳಲ್ಲಿ ಎಣಿಸುವಷ್ಟು ಮನೆಯವರು. ಪಾದ್ರಿ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ದಿನ ಪ್ರಾರ್ಥನೆ ನಡೆಸುತ್ತಿದ್ದವರು ಉಪದೇಶಿ ಅಂತೋಣಿಮುತ್ತು. ವಯಸ್ಸಾದವರು, ನೇರ ಮನುಷ್ಯ, ತಪ್ಪನ್ನು ತಪ್ಪು ಎನ್ನುವವರು. ಅವರು ಆರೋಗ್ಯಂಳ ಬಾಗಿಲಿಗೆ ಬಂದು ಒಳಗೆ ಕಾಲಿಡದೆ ನಿಂತರು.

“ಏನಮ್ಮಾ ಇದು? ನಿನ್ನ ಗಂಡನನ್ನ ಎಳ್ಕೊಂಡು ಹೋದವಳನ್ನ ಮನೆಯಲ್ಲಿ ಇಟ್ಕೊಂಡಿದ್ದೀಯ. ನಾಳೆ ನಮ್ಮ ಹೆಣ್ಮಕ್ಕಳಿಗೆ ನಾನು ಏನ್ ಹೇಳ್ಲಿ?”

“ಎಳ್ಕೊಂಡು ಹೋಗೋಕೆ ಅವರೇನು ಕರುವಾ ಅಯ್ಯಾ?” ಎಂದಳು ಆರೋಗ್ಯಂ.

“ಆ ಬೀದಿಯವರ ಬಾವಿ ನೀರಲ್ಲೇ ನಾವು ಬದುಕಬೇಕು. ಅವರ ಕುಲದ ವಿಷಯ ಅದು. ಬಿಟ್ಬಿಡು.”

“ನಾಳೆ ಕಲ್ಲರೆ ಹಬ್ಬ, ಸತ್ತವರ ದಿನ. ನಮ್ಮವರ ಗೋರಿಗೆಲ್ಲ ಮೇಣದಬತ್ತಿ ಹಚ್ತೀವಿ. ನಮ್ಮ ಮನೆಯವರ ಹೆಸರು ಓದ್ತೀರಾ?”

“ಸೂಸೈದಾ?” ಅವರು ಯೋಚಿಸಿದರು. “ಓದ್ತೀನಿ. ಎಂಥವನಾದ್ರೂ ಸತ್ತುಹೋದ. ಇನ್ನು ಕರ್ತರು ನೋಡ್ಕೊಳ್ತಾರೆ.”

“ಬಿಟ್ಟು ಹೋದವರು ಅವರು, ಅಯ್ಯಾ. ನನ್ನ ಮುಂದೆ ಜಪಮಾಲೆ ಮೇಲೆ ಆಣೆ ಇಟ್ಟವರು ಅವರು. ಅವರಿಗೆ ಮೇಣದಬತ್ತಿ. ಇವಳು ಇನ್ನೂ ಸತ್ತಿಲ್ಲ ಅಂತ ಇವಳಿಗೆ ಬೇವಿನ ಬರಲಾ? ಇವಳನ್ನೂ ಸಾಯೋಕೆ ಬಿಟ್ಟು ಆಮೇಲೆ ಹೆಸರು ಓದೋಣವಾ?”

ಅಂತೋಣಿಮುತ್ತು ಒಳಗೆ ರಾಟೆಯ ಹತ್ತಿರ ಕುಳಿತಿದ್ದವಳನ್ನು ಒಮ್ಮೆ ನೋಡಿದರು, ಕೂಡಲೇ ದೃಷ್ಟಿ ತಪ್ಪಿಸಿದರು. ಕೊಡೆ ಬಿಚ್ಚಿಕೊಂಡು ಹೊರಟುಹೋದರು.

ಕ್ರೈಸ್ತರ ಸ್ಮಶಾನ ಇಗರ್ಜಿಯ ಹಿಂದೆ, ಮೊಣಕಾಲೆತ್ತರದ ಗೋಡೆಯೊಳಗೆ ಇತ್ತು. ಮರುದಿನ ಹೊತ್ತು ಮುಳುಗುವಾಗ ಎಲ್ಲರೂ ಅಲ್ಲಿ ಸೇರಿದರು. ಮಳೆ ಇರಲಿಲ್ಲ, ಗಾಳಿಯೂ ಇರಲಿಲ್ಲ. ಹುಲ್ಲಿನಿಂದ ಬಿಳಿ ಮಂಜು ಏಳುತ್ತಿತ್ತು. ಒಂದೊಂದೇ ಗೋರಿಯ ಮೇಲೆ ಬತ್ತಿ ಹತ್ತಿತು. ಮಂಜಿನೊಳಗೆ ಆ ಬೆಳಕುಗಳು ನೆಲಕ್ಕೆ ತಾಗದೆ ಗಾಳಿಯಲ್ಲಿ ನಿಂತಂತೆ ಕಾಣುತ್ತಿದ್ದವು. ಸೂಸೈಗೆ ಇಲ್ಲಿ ಗೋರಿಯಿರಲಿಲ್ಲ. ಆರೋಗ್ಯಂ ಗೋಡೆಯ ಬುಡದಲ್ಲಿ ಒಂದಿಷ್ಟು ಮಣ್ಣು ಗುಡ್ಡೆ ಮಾಡಿ ಅದರ ಮೇಲೆ ಬತ್ತಿ ಹಚ್ಚಿದಳು. ರುಕ್ಮಣಿಯ ಕೈ ಬಿಡಲಿಲ್ಲ.

ಇಲ್ಲಿಯೂ ಜನ ರುಕ್ಮಣಿಯಿಂದ ದೂರ ಸರಿದು ನಿಂತಿದ್ದರು. ಅವಳಿಗೆ ಅದರಿಂದ ನೋವಾಗಲಿಲ್ಲ. ಸತ್ತವರ ನಡುವೆ ನಿಂತಾಗ ಅವಳ ಮನಸ್ಸಿಗೆ ಒಂದು ಬಗೆಯ ನಿರಾಳ ಬಂದಿತ್ತು. ಕಾಲ ಕೆಳಗಿನ ಮಣ್ಣು ಮೆತ್ತಗಿತ್ತು. ಇದೇ ನನ್ನ ಜಾಗ, ಇನ್ನು ಯಾರಿಗೂ ತೊಂದರೆಯಿಲ್ಲ, ಇಲ್ಲೇ ಮಲಗಿಬಿಟ್ಟರೆ ಆಯಿತು ಎಂದು ಯಾರೋ ಒಳಗಿನಿಂದ ಹೇಳಿದಂತಾಯಿತು. ಆ ದನಿ ಅವಳದೇ ಆಗಿತ್ತು. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆರೋಗ್ಯಂ ಕೈಯನ್ನು ಜಗ್ಗಿದಳು.

ಅಂತೋಣಿಮುತ್ತು ಹೆಸರು ಓದತೊಡಗಿದ್ದರು. ಆಗ ರಸ್ತೆಯ ಕಡೆಯಿಂದ ತಮಟೆ ಕೇಳಿಸಿತು. ನೇಕಾರರ ಬೀದಿಯ ಗಂಡಸರು ಮಂಜಿನೊಳಗಿಂದ ಬಂದು ಗೋಡೆಯ ಆಚೆ ಸಾಲಾಗಿ ನಿಂತರು. ಮುಂದೆ ಕರುಪ್ಪುಸಾಮಿ. ಅವನ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಬೇವಿನ ಬರಲು. ಅವನ ಪಕ್ಕದಲ್ಲಿ ನಂಜಪ್ಪನ್ ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಲೆ ತಗ್ಗಿಸಿದ್ದ.

ಕರುಪ್ಪುಸಾಮಿ ಬೆದರಿಸಲಿಲ್ಲ. ಕೊಟ್ಟ ಪಾತ್ರೆ ವಾಪಸು ಕೇಳುವವನ ಹಾಗೆ ತಮಿಳಿನಲ್ಲಿ ಹೇಳಿದ: “ನಿಮ್ಮ ಪೂಜೆ ನೀವು ಮಾಡ್ಕೊಳ್ಳಿ. ಅದನ್ನ ಮಾತ್ರ ಈ ಕಡೆ ಕಳಿಸಿಬಿಡಿ.”

ಆರೋಗ್ಯಂ ರುಕ್ಮಣಿಯ ಮುಂದೆ ಬಂದು ನಿಂತಳು. ಅವಳು ಒಬ್ಬಳೇ ನಿಂತಿದ್ದಳು. ಹಗ್ಗ ಹಿಡಿದವನು ಗೋಡೆಗೆ ಕಾಲಿಟ್ಟ.

“ಉಪದೇಶಿಯಾರೇ,” ಎಂದ ಅವನು, “ಆ ಹೆಂಗಸಿನ ಹಿಂದೆ ನಿಮ್ಮವರು ಯಾರಾದ್ರೂ ಇದ್ದಾರಾ? ಇಲ್ಲ ಅನ್ನಿ ಸಾಕು.”

ಅಂತೋಣಿಮುತ್ತು ಕೈಯಲ್ಲಿದ್ದ ಬತ್ತಿಯನ್ನೇ ನೋಡುತ್ತಿದ್ದರು. ಮೇಣ ಕರಗಿ ಅವರ ಬೆರಳ ಮೇಲೆ ಇಳಿಯುತ್ತಿತ್ತು. ಆಮೇಲೆ ಅವರು ಗೋರಿಗಳ ನಡುವೆ ನಡೆದು, ಆರೋಗ್ಯಂಳನ್ನು ಬಳಸಿಕೊಂಡು ಹೋಗಿ ರುಕ್ಮಣಿಯ ಎದುರು ನಿಂತರು. ಈ ಸಲ ದೃಷ್ಟಿ ತಪ್ಪಿಸಲಿಲ್ಲ.

“ಹಿಡ್ಕೋಮ್ಮಾ,” ಎಂದರು. “ಎರಡು ಕೈಯಲ್ಲೂ ಹಿಡ್ಕೋ. ನಡುಗ್ತಾ ಇದ್ದೀಯ.”

ಬತ್ತಿಯನ್ನು ಅವಳ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದರು. “ಇಲ್ಲಿರೋದು ನಮ್ಮ ಮನೆ ಹೆಣ್ಣು. ನಮ್ಮ ಪ್ರಾರ್ಥನೆ ಇನ್ನೂ ಮುಗಿದಿಲ್ಲ.”

ಮೊದಲು ಒಬ್ಬ ಮುದುಕಿ ಬಂದಳು. ಬಂದು ರುಕ್ಮಣಿಯ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಇನ್ನೊಬ್ಬಳು. ಸೊಂಟದಲ್ಲಿ ಮಗು ಇದ್ದವಳು ಮಗುವಿನ ಸಮೇತ ಬಂದು ಒತ್ತಿ ನಿಂತಳು. ಸ್ವಲ್ಪ ಹೊತ್ತಿನಲ್ಲಿ ಅವಳ ಸುತ್ತ ಜಾಗವೇ ಉಳಿಯಲಿಲ್ಲ. ಅವರ ಮೈಬಿಸಿ, ಎಣ್ಣೆಯ ವಾಸನೆ, ಮಗುವಿನ ಜೊಲ್ಲು ಎಲ್ಲ ಅವಳಿಗೆ ತಾಗಿದವು. ಅವಳು ಬಿಕ್ಕಿದಳು. ಕೈಯಲ್ಲಿದ್ದ ಬತ್ತಿಯ ಜ್ವಾಲೆ ಹೊಯ್ದಾಡಿತು.

“ಉಸಿರಾಡ್ತದೆ,” ಎಂದು ಗೋಡೆಯ ಆಚೆ ಯಾರೋ ಕನ್ನಡದಲ್ಲಿ ಪಿಸುಗುಟ್ಟಿದರು.

ಕರುಪ್ಪುಸಾಮಿ ನಂಜಪ್ಪನ್ ಕಡೆ ತಿರುಗಿದ. “ಹೆತ್ತವನು ನೀನು. ನಿನ್ನ ಬಾಯಲ್ಲಿ ಬರಲಿ. ಅದು ನಿನ್ನ ಸತ್ತ ಮಗಳು ಅಂತ ಹೇಳು. ಹೇಳಿದ ಮೇಲೆ ಇವರು ಯಾರೂ ನನ್ನನ್ನ ತಡೆಯೋಕಾಗಲ್ಲ.”

ನಂಜಪ್ಪನ್ ತಲೆಯೆತ್ತಿದ. ಅವಳು ಊರಿಗೆ ಬಂದ ಮೇಲೆ ಮೊದಲ ಸಲ ಅಪ್ಪ ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ.

“ನನ್ನ ಮಗಳು ಸತ್ತು ಮೂರು ವರ್ಷ ಆಯ್ತು,” ಎಂದ. “ನನ್ನ ಕೈಯಾರೆ ಕೊಳ್ಳಿ ಇಟ್ಟೆ. ಬೂದಿ ಬಿಟ್ಟೆ. ಅವಳು ಹೋದಳು. ಈ ಹೆಣ್ಣು ಯಾರೋ ನಂಗೊತ್ತಿಲ್ಲ. ಇವರ ಮನೆಯವಳಂತೆ. ಬೇರೆಯವರ ಮನೆ ಹೆಣ್ಣಿನ ಮೇಲೆ ಕೈ ಹಾಕೋದು ನಮ್ಮ ಕುಲದಲ್ಲಿಲ್ಲ. ನಡೀರಿ.”

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ತಿರುಗಿ ನಡೆದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪನೇ ಇವಳು ತನ್ನ ಮಗಳಲ್ಲವೆಂದ ಮೇಲೆ ಪೇಯಿಯೂ ಇಲ್ಲ. ತಮಟೆಯವನು ತಮಟೆಯನ್ನು ಬೆನ್ನಿಗೆ ಹಾಕಿಕೊಂಡ. ಬಂದ ಹಾಗೆಯೇ ಎಲ್ಲರೂ ಮಂಜಿನೊಳಗೆ ಹೋದರು. ಬಿಟ್ಟದ್ದೋ ಕಾಪಾಡಿದ್ದೋ ಎಂದು ರುಕ್ಮಣಿಗೆ ಅರ್ಥವಾಗಲಿಲ್ಲ. ಎರಡೂ ಒಂದೇ ಮಾತಿನಲ್ಲಿ ಇದ್ದವು ಎಂದು ಅವಳಿಗೆ ತಿಳಿಯಲು ವರ್ಷಗಳೇ ಬೇಕಾದವು.

ಅಂತೋಣಿಮುತ್ತು ಮತ್ತೆ ಹೆಸರು ಓದಿದರು. ಕೊನೆಯಲ್ಲಿ “ಸೂಸೈ” ಎಂದರು. ಆರೋಗ್ಯಂ ಮಣ್ಣಿನ ಗುಡ್ಡೆಯ ಹತ್ತಿರ ಮಂಡಿಯೂರಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ರುಕ್ಮಣಿ ಅವಳ ಪಕ್ಕದಲ್ಲಿ ಕುಳಿತಳು. ಆರೋಗ್ಯಂ ಅವಳನ್ನು ದೂಡಲಿಲ್ಲ.

ರುಕ್ಮಣಿ ಆ ಮನೆಯಲ್ಲೇ ಉಳಿದಳು. ಕೆಲವು ತಿಂಗಳು ಇಬ್ಬರೂ ವೆಳ್ಳಕೋಯಿಲ್ ಸಂತೆಯ ದಿನ ಮೂಟೆ ಹೊತ್ತು ಬದುಕಿದರು. ಆಮೇಲೆ ಬೀದಿಯಿಂದ ನೂಲು ಮತ್ತೆ ಬರತೊಡಗಿತು. ಮೊದಲ ಲಡಿ ತಂದದ್ದು ರಾಮಾತಾಳ್. ಅವಳು ಲಡಿಯನ್ನು ರುಕ್ಮಣಿಯ ಕೈಗೇ ಕೊಟ್ಟಳು.

ಎರಡನೆಯ ಸಲ ನೂಲು ಹೊತ್ತು ಬಂದವಳು ನಾಚಿಯಮ್ಮ. ಆರೋಗ್ಯಂ ಅವಳನ್ನು ಕಂಡೊಡನೆ ನೀರು ತರುವ ನೆವ ಮಾಡಿ ಕೊಡ ಎತ್ತಿಕೊಂಡು ಹೋದಳು. ನಾಚಿಯಮ್ಮ ಜಗಲಿಯಲ್ಲಿ ಕುಳಿತಳು. ಮಗಳು ರಾಟೆ ತಿರುಗಿಸುವುದನ್ನು ಸುಮ್ಮನೆ ನೋಡಿದಳು. ಆಮೇಲೆ, ಗೊತ್ತಿಲ್ಲದ ಹೆಂಗಸಿನ ಹತ್ತಿರ ಮಾತು ತೆಗೆಯುವ ಹಾಗೆ ಕೇಳಿದಳು:

“ನಿಂಗೆ ಯಾವೂರಮ್ಮಾ?”

ರುಕ್ಮಣಿಯ ಕೈ ನಿಂತಿತು. ತಾಯಿಯ ಮುಖದಲ್ಲಿ ನಟನೆ ಇರಲಿಲ್ಲ. ಗುರುತೂ ಇರಲಿಲ್ಲ. ಸತ್ತ ಮಗಳೊಡನೆ ಮಾತಾಡುವಂತಿರಲಿಲ್ಲ, ಬೇರೆಯವರ ಮನೆ ಹೆಣ್ಣಿನೊಡನೆ ಆಡಬಹುದಿತ್ತು. ಕಣ್ಣು ಮಾತ್ರ ತುಂಬಿತ್ತು.

“ದಾವಣಗೆರೆ,” ಎಂದಳು.

“ದೂರ.”

“ಹೂಂ, ದೂರ.”

“ಅಲ್ಲಿ ಊಟ ತಿಂಡಿ ಎಲ್ಲ ಹೇಗೆ? ಹೊಟ್ಟೆ ತುಂಬ ತಿಂತಿದ್ದೆಯಾ?”

“ತಿಂತಿದ್ದೆ.”

ನಾಚಿಯಮ್ಮ ತಲೆಯಾಡಿಸಿದಳು. ಹತ್ತಿರ ಸರಿದು, ಸಿಕ್ಕಾಗಿದ್ದ ನೂಲನ್ನು ಬಿಡಿಸಿಕೊಡತೊಡಗಿದಳು. ಬಿಸಿಲು ಜಗಲಿಯಿಂದ ಇಳಿದು ಹೋಗುವವರೆಗೂ ಅವಳು ಒಂದೊಂದೇ ಪ್ರಶ್ನೆ ಕೇಳಿದಳು. ಅಲ್ಲಿ ಚಳಿ ಜಾಸ್ತಿಯಾ, ಜ್ವರ ಬಂದಾಗ ಯಾರು ನೋಡಿಕೊಂಡರು, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆಯಾ. ರುಕ್ಮಣಿ ಒಂದೊಂದಕ್ಕೂ ಉತ್ತರ ಕೊಟ್ಟಳು.